ಬಾಯಿ ಬಿಡದ ಮರದ ಬೀಡಿಂಗ್: ನನ್ನ ಅನುಭವ

ಬೆಂಗಳೂರಿನ ಜಯನಗರದಲ್ಲಿ ನಾನು ಕೆಲಸ ಮಾಡಿಕೊಟ್ಟ ಮನೆಗೆ ಎರಡು ಬೇಸಿಗೆ ಕಳೆಯಿತು. ಹಾಲ್ ಗೋಡೆ ಮೇಲೆ ಚೌಕಟ್ಟಿನ ಹಾಗೆ ಹೊಡೆದ ತೆಳು ಮರದ ಪಟ್ಟಿ, ಅಂದರೆ ಬೀಡಿಂಗ್‌ನಲ್ಲಿ ಒಂದು ಮೂಲೆಯೂ ಬಾಯಿ ಬಿಟ್ಟಿಲ್ಲ. "ಗೋಡೆಗೆ ಮರ ಬೇಡ ಸಾರ್, ಶಿವರಾತ್ರಿ ಕಳೀತಿದ್ದ ಹಾಗೆ ಬಿರಿಯುತ್ತೆ. ಸುಮ್ನೆ ಪಿವಿಸಿ (ಪ್ಲಾಸ್ಟಿಕ್) ಪಟ್ಟಿ ಹೊಡೆದುಬಿಡಿ" ಅಂತ ನಮ್ಮ ಮೇಸ್ತ್ರಿಯೂ ಹೇಳಿದ್ದರು, ಜೊತೆಯ ಕಂಟ್ರಾಕ್ಟರ್‌ಗಳೂ ಹೇಳಿದ್ದರು.

ಅವರ ಮಾತಿಗೆ ಕಾರಣ ಇತ್ತು. ಅದಕ್ಕೂ ಮುಂಚೆ ಜೆ.ಪಿ. ನಗರದ ಒಂದು ಫ್ಲ್ಯಾಟ್‌ನಲ್ಲಿ ಎಲ್ಲರೂ ಮಾಡುವ ಹಾಗೇ ಮಾಡಿದ್ದೆವು. ಜಾಗದಲ್ಲೇ 45 ಡಿಗ್ರಿ ಕಟ್, ಫೆವಿಕಾಲ್, ತಲೆಯಿಲ್ಲದ ಮೊಳೆ. ಡಿಪೋದವರು ಸೀಸನ್ ಆದ ಮರ ಅಂತ ಕೊಟ್ಟಿದ್ದು ಒಳಗೆ ಇನ್ನೂ ಹಸಿ. ಮಳೆಗಾಲದಲ್ಲಿ ಹೊಡೆದದ್ದು ಮಾರ್ಚ್ ಗಾಳಿಗೆ ಅಗಲದಲ್ಲಿ ಕುಗ್ಗಿತು. ಉದ್ದದಲ್ಲಿ ಮರ ಕುಗ್ಗುವುದು ಲೆಕ್ಕಕ್ಕೇ ಇಲ್ಲ, ಹಾಗಾಗಿ ಪ್ರತಿ ಮೂಲೆಯೂ ಒಳಬದಿಯಲ್ಲಿ ತೆರೆದುಕೊಂಡಿತು. ಎರಡು ಪಟ್ಟಿ ಕೆಳಗೇ ಬಿತ್ತು. ಹಿಂಬದಿ ನೋಡಿದರೆ ಅಂಟು ಬಿಟ್ಟಿರಲಿಲ್ಲ, ಪೇಂಟ್‌ಗೆ ಮುಂಚೆ ಗೋಡೆಗೆ ಬಳಿಯುವ ಪುಟ್ಟಿಯೇ ಹಪ್ಪಳದ ಹಾಗೆ ಕಿತ್ತು ಬಂದಿತ್ತು. ಮತ್ತೆ ಮಾಡಿಕೊಡೋಕೆ ಕೈಯಿಂದ ಹದಿನೆಂಟು ಸಾವಿರದಷ್ಟು ಹೋಯಿತು.

ಜಯನಗರದಲ್ಲಿ ಕೆಲಸದ ಕ್ರಮವನ್ನೇ ಬದಲಾಯಿಸಿದೆ. ಪೈನ್ ಪಟ್ಟಿಗಳನ್ನು ತಂದು ಅದೇ ಹಾಲ್‌ನಲ್ಲಿ, ಮಧ್ಯೆ ಗಾಳಿ ಆಡುವ ಹಾಗೆ ಜೋಡಿಸಿ, ಮೂರು ವಾರದ ಹತ್ತಿರ ಬಿಟ್ಟೆ. ತೇವ ಅಳೆಯುವ ಮೀಟರ್ ಶೇಕಡಾ 12ಕ್ಕಿಂತ ಕೆಳಗೆ ಬರುವವರೆಗೂ ಗರಗಸ ಮುಟ್ಟಲಿಲ್ಲ. ಆಮೇಲೆ ನಾಲ್ಕೂ ಮೈಗೆ ಪ್ರೈಮರ್. ಗೋಡೆ ಕಡೆ ಬರುವ ಹಿಂಬದಿಗೆ ಎರಡು ಕೋಟ್. ಇದನ್ನು ಯಾರೂ ಮಾಡಲ್ಲ, "ಕಾಣದ ಜಾಗಕ್ಕೆ ಯಾಕೆ ದುಡ್ಡು" ಅಂತಾರೆ. ಆದರೆ ತೇವ ಒಳಗೆ ಹೋಗುವುದೇ ಆ ಕಡೆಯಿಂದ.

ಮುಖ್ಯ ಕೆಲಸ ಮೂಲೆಯದು. ಚೌಕಟ್ಟನ್ನು ಗೋಡೆ ಮೇಲೆ ಕಟ್ಟಲಿಲ್ಲ, ಬೆಂಚ್ ಮೇಲೆ ಕಟ್ಟಿದೆ. ಓರೆಯಾಗಿ ಕೊಯ್ದ ತುದಿ ಅಂಟನ್ನು ಹೀರಿಕೊಂಡುಬಿಡುತ್ತದೆ. ಹಾಗಾಗಿ ಮೊದಲು ತೆಳ್ಳಗೆ ಒಂದು ಕೈ ಸವರಿ, ಸ್ವಲ್ಪ ಬಿಗಿಯಲು ಬಿಟ್ಟು, ಮತ್ತೆ ದಪ್ಪಗೆ ಹಚ್ಚಬೇಕು. ಸೈಕಲ್ ಟ್ಯೂಬ್ ಸೀಳಿ ನಾಲ್ಕೂ ಸುತ್ತ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೂಲೆಗೆ ಅಡ್ಡಲಾಗಿ ಗರಗಸದ ಒಂದು ಗೀರು, ಮೂಲೆಯನ್ನು ಹಿಡಿದುಕೊಳ್ಳಲು ಅದರೊಳಗೆ ತೆಳು ಪ್ಲೈ ಚೂರು. ಆ ಚೂರಿನ ದಪ್ಪ ಮತ್ತು ಕೂರಿಸುವ ಓರೆ ನನ್ನ ಹತ್ರಾನೇ ಇರಲಿ, ಅದಕ್ಕೆ ಬಹಳ ಮರ ಹಾಳಾಗಿದೆ.

ಗೋಡೆಗೆ ಲೇಸರ್ ಹಿಡಿದು ಗುರುತು ಹಾಕಿ, ಅಂಟು ಬೀಳುವ ಜಾಗದಲ್ಲಿ ಮಾತ್ರ ಪುಟ್ಟಿ ಕೆರೆದು ಸಿಮೆಂಟ್ ಪ್ಲಾಸ್ಟರ್ ಕಾಣಿಸಿದೆ. ಸಾಲಿಡ್ ಬ್ಲಾಕ್ ಗೋಡೆಯಲ್ಲಿ ಸಣ್ಣ ಮೊಳೆ ನಿಲ್ಲಲ್ಲ, ಅಲ್ವಾ? ಭಾರದ ಚೌಕಟ್ಟುಗಳಿಗೆಲ್ಲ ಗೋಡೆ ಕೊರೆದು, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಬೂಚು, ಅಂದರೆ ರಾಲ್‌ಪ್ಲಗ್ ಹಾಕಿ ಸ್ಕ್ರೂ ಬಿಗಿದೆ.

ಮಧ್ಯೆ ಇನ್ನೊಂದು ಪ್ರಯೋಗ. ಓರೆ ಕಟ್‌ನ ಗೊಡವೆಯೇ ಬೇಡ ಅಂತ ಚನ್ನಪಟ್ಟಣಕ್ಕೆ ಹೋಗಿ ಆಲೆ ಮರದ ಬಿಲ್ಲೆಗಳನ್ನು ಕಡೆಸಿದೆ. ಗೊಂಬೆಗೆ ಹಾಕುವ ಅರಗಿನ ಬಣ್ಣವನ್ನೇ ಹಾಕಿಸಿದೆ. ಒಂದಕ್ಕೆ ಅರವತ್ತೋ ಎಪ್ಪತ್ತೋ ಬಿತ್ತು. ಮೂಲೆಯಲ್ಲಿ ಚೌಕ ತುಂಡು, ನಡುವೆ ಬಿಲ್ಲೆ. ಪಟ್ಟಿಗಳು ನೇರ ಕಟ್‌ನಲ್ಲೇ ಬಂದು ತಾಗುತ್ತವೆ. ಜಾಯಿಂಟ್ ಗಟ್ಟಿಯಾಗಿ ನಿಂತಿತು. ಆದರೆ ಮ್ಯಾಟ್ ಪೇಂಟ್ ಪಕ್ಕದಲ್ಲಿ ಅರಗಿನ ಹೊಳಪು ಜಾಸ್ತಿ ಆಯಿತು, ಹಾಲ್‌ನಿಂದ ತೆಗೆಸಿದೆ. ಅವೇ ಬಿಲ್ಲೆಗಳು ದೇವರ ಮನೆಯ ಬಾಗಿಲ ಚೌಕಟ್ಟಿಗೆ ಹೋದವು. ಮನೆಗೆ ಬಂದವರೆಲ್ಲ ಈಗ ಮೊದಲು ಕೇಳುವುದು ಅದನ್ನೇ.

ಸುಮಾರು 380 ಅಡಿ ಕೆಲಸ. ಪಟ್ಟಿ ಅಡಿಗೆ ನಲವತ್ತು ರೂಪಾಯಿ ಹತ್ತಿರ. ಪ್ರೈಮರ್, ಪೇಂಟ್, ಕೂಲಿ ಎಲ್ಲ ಸೇರಿ ಅಡಿಗೆ 130-140 ಬಿತ್ತು. ಪಿವಿಸಿ ಆಗಿದ್ದರೆ ಅರ್ಧಕ್ಕೆ ಮುಗಿಯುತ್ತಿತ್ತು. ಆದರೂ ಮರದ ಅಂಚಿನ ಮೇಲೆ ಸಂಜೆ ಬೆಳಕು ಬಿದ್ದಾಗ ಬರುವ ಚೂಪು ನೆರಳು ಪಿವಿಸಿಗೆ ಬರಲ್ಲ. ಬೇಡ ಅಂದಿದ್ದ ಮೇಸ್ತ್ರಿ ಈಗ ತಮ್ಮ ಗಿರಾಕಿಗಳನ್ನು ಈ ಮನೆ ನೋಡೋಕೆ ಕರೆತರುತ್ತಾರೆ.

ನೆಲಕ್ಕೆ ತಾಗಿದ ಗೋಡೆಯ ಕೆಳಪಟ್ಟಿ, ಅಂದರೆ ಸ್ಕರ್ಟಿಂಗ್‌ಗೂ ಮರವನ್ನೇ ಹಾಕಿಕೊಡಿ ಅಂತ ಕೇಳುವವರಿದ್ದಾರೆ. ನಾನು ಒಪ್ಪಲ್ಲ. ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಮನೆಗಳು ನಮ್ಮವು, ಎಷ್ಟು ಪ್ರೈಮರ್ ಹೊಡೆದರೂ ಕೆಳ ಅಂಚು ನೀರು ಕುಡಿಯುತ್ತದೆ. ಅಲ್ಲಿ ಗ್ರಾನೈಟ್ ಇರಲಿ. ಬಾತ್‌ರೂಮ್‌ಗೆ ಅಂಟಿಕೊಂಡ ಗೋಡೆಗೆ ನಾನೇ ಪಿವಿಸಿ ಹಾಕುತ್ತೇನೆ.