ಥೀಮ್ ಪಾರ್ಕ್ ಪ್ರವಾಸ: ಮಕ್ಕಳ ಮಧ್ಯಾಹ್ನದ ನಿದ್ದೆ ಉಳಿಸಿದೆ, ಖರ್ಚು ತಾನಾಗೇ ಇಳಿಯಿತು

ಪಾರ್ಕಿನ ಗೇಟಿನ ಹತ್ತಿರವೇ ರೂಮು ಮಾಡಿದರೆ ಒಟ್ಟು ಖರ್ಚು ಕಡಿಮೆ ಆಗುತ್ತೆ ಅಂತ ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ಭಾವನವರು, "ನೋಡಮ್ಮಾ, ರೂಮು ಅಂದರೆ ರಾತ್ರಿ ಮಲಗೋಕೆ ತಾನೆ? ಅದಕ್ಕೆ ಯಾಕೆ ಅಷ್ಟು ದುಡ್ಡು ಸುರೀತೀಯ?" ಅಂದರು. ಅಕ್ಕನ ವಾದ ಬೇರೆ. ಇಷ್ಟು ಚಿಕ್ಕ ಮಕ್ಕಳಿಗೆ ಥೀಮ್ ಪಾರ್ಕೇ ದಂಡ, ಅವಕ್ಕೆ ನಾಳೆ ನೆನಪೂ ಇರಲ್ಲ ಅಂತ ಅವಳದು. ಈಗ ಹೋಗಿ ಬಂದು ಲೆಕ್ಕ ಮುಗಿಸಿದ್ದೇನೆ. ಏಜೆಂಟ್ ಹೇಳಿದ ಪ್ಯಾಕೇಜ್ 100 ಅಂದುಕೊಂಡರೆ ನಮಗೆ ತಗುಲಿದ್ದು 65ರ ಆಸುಪಾಸು. ಊರಿಂದ ಹೋಗಿಬರೋ ಟಿಕೆಟ್ ಇದರಲ್ಲಿ ಸೇರಿಲ್ಲ, ಅದು ಯಾವ ಪ್ಲ್ಯಾನಿಗೂ ಒಂದೇ. ಲೆಕ್ಕ ನೋಡಿದ ಮೇಲೆ ಭಾವನವರು ಆ ಚೀಟಿಯನ್ನೇ ಫೋಟೋ ತೆಗೆದುಕೊಂಡರು, ಮುಂದಿನ ಸಲ ಅವರ ಮಗಳ ಮನೆಯವರೂ ಹೀಗೇ ಹೋಗ್ತಾರಂತೆ.

ಹಿಂದಿನ ಸಲ ಎಲ್ಲರೂ ಹೇಳಿದ ಹಾಗೇ ಹೋಗಿದ್ದೆವು. ದೂರದಲ್ಲಿ ಅಗ್ಗದ ಹೋಟೆಲು, ಜಾಸ್ತಿ ದಿನಕ್ಕೆ ಟಿಕೆಟ್ ತಗೊಂಡರೆ ದಿನದ ರೇಟು ಇಳಿಯುತ್ತೆ ಅಂತ ಸಾಲಾಗಿ ದಿನಗಳು, ಬೆಳಗ್ಗೆ ಹೋದರೆ ರಾತ್ರಿ ವಾಪಸ್. ಮೊದಲ ದಿನ ಚೆನ್ನಾಗಿತ್ತು. ಎರಡನೇ ದಿನ ಮಧ್ಯಾಹ್ನ ದೊಡ್ಡವಳು ಕ್ಯೂನಲ್ಲೇ ನೆಲದ ಮೇಲೆ ಕೂತಳು, ಏಳಲಿಲ್ಲ. ಚಿಕ್ಕವನು ಅಳು ನಿಲ್ಲಿಸಲಿಲ್ಲ. ಅಳೋ ಮಗುವನ್ನ ಸುಮ್ಮನಿರಿಸೋಕೆ ಏನು ಕೊಡಿಸ್ತೀವಿ? ಐಸ್‌ಕ್ರೀಮು, ಬಲೂನು, ಬೊಂಬೆ. ಎಲ್ಲಾ ಪಾರ್ಕಿನ ರೇಟಿನಲ್ಲಿ. ಆಮೇಲೆ ಟ್ಯಾಕ್ಸಿ ಮಾಡಿ ಅರ್ಧ ದಿನಕ್ಕೇ ವಾಪಸ್, ಮರುದಿನದ ಟಿಕೆಟ್ ಹಾಗೇ ಹೋಯಿತು. ಅಗ್ಗದ ರೂಮಿನಿಂದ ಉಳಿದಿದ್ದು ಆ ಒಂದೇ ಮಧ್ಯಾಹ್ನದಲ್ಲಿ ಖರ್ಚಾಗಿ ಹೋಯಿತು.

ಆಗ ನನಗೆ ಗೊತ್ತಾಗಿದ್ದು ಇಷ್ಟು. ಐದು ವರ್ಷದೊಳಗಿನ ಮಗು ಪಾರ್ಕಿನಲ್ಲಿ ಖುಷಿಯಾಗಿ ಇರೋದು ಬೆಳಗ್ಗೆ ಒಂದು ಮೂರು, ಮೂರೂವರೆ ಗಂಟೆ. ನಿದ್ದೆ ಆದರೆ ಸಂಜೆ ಇನ್ನೊಂದು ಎರಡು ಗಂಟೆ. ನಿದ್ದೆ ಆಗದಿದ್ದರೆ ಸಂಜೆ ಅನ್ನೋದೇ ಇಲ್ಲ. ಹಾಗಾಗಿ ಟಿಕೆಟನ್ನ ದಿನದ ಲೆಕ್ಕದಲ್ಲಿ ನೋಡೋದು ಬಿಟ್ಟೆ. ಮಗು ನಗ್ತಾ ಇರೋ ಒಂದು ಗಂಟೆಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿದೆ. ಆ ಲೆಕ್ಕದಲ್ಲಿ ದೂರದ ರೂಮು ದುಬಾರಿ, ಹತ್ತಿರದ್ದು ಅಗ್ಗ. ನಡೆದು ಹತ್ತೇ ನಿಮಿಷಕ್ಕೆ ಹಾಸಿಗೆ ಸಿಗೋ ಹಾಗಿದ್ದರೆ ಮಧ್ಯಾಹ್ನ ವಾಪಸ್ ಬಂದು ಮಲಗಿಸಬಹುದು, ಸಂಜೆ ಮತ್ತೆ ಹೋಗಬಹುದು. ಅದೇ ದಿನ ಮತ್ತೆ ಒಳಗೆ ಬಿಡ್ತಾರಾ ಅನ್ನೋದನ್ನ ಮಾತ್ರ ಬುಕ್ ಮಾಡೋಕೆ ಮುಂಚೆ ಕೇಳಿ. ಕೆಲವು ಕಡೆ ಹೊರಗೆ ಹೋದರೆ ಮುಗೀತು, ಅಂಥಾ ಪಾರ್ಕಿಗೆ ಈ ಪ್ಲ್ಯಾನ್ ನಡೆಯಲ್ಲ.

ದುಡ್ಡು ಹೇಗೆ ಹಂಚಿತು ಅಂದರೆ, ಏಜೆಂಟಿನ 100ರಲ್ಲಿ ಟಿಕೆಟಿಗೇ 40ರಷ್ಟು ಹೋಗ್ತಿತ್ತು, ನಾಲ್ಕು ದಿನ, ನಾಲ್ಕು ಜನ. ರೂಮಿಗೆ 15, ಟ್ಯಾಕ್ಸಿಗೆ 10, ಊಟ ತಿಂಡಿಗೆ 25, ಬೊಂಬೆ ಗಿಂಬೆ ಅಂತ ಒಂದು 10. ನಮ್ಮದರಲ್ಲಿ ಟಿಕೆಟ್ 20, ರೂಮು 20, ಓಡಾಟಕ್ಕೆ 1, ಊಟ 14, ಬೊಂಬೆ 5, ಕೈಯಲ್ಲಿ ಇರಲಿ ಅಂತ ಇಟ್ಟಿದ್ದು 5. ಇದು ನೆನಪಿನಿಂದ ಬರೆದಿದ್ದು, ಒಂದೆರಡು ಆಚೀಚೆ ಇರಬಹುದು. ರೂಮಿನ ಸಾಲು ಒಂದೇ ಮೇಲೆ ಹೋಗಿದೆ, ನೋಡಿ. ಭಾವನವರ ಕಣ್ಣಿಗೆ ಮೊದಲು ಬಿದ್ದಿದ್ದೂ ಅದೇ ಸಾಲು.

ಟಿಕೆಟ್ ಇಳಿದಿದ್ದಕ್ಕೆ ಎರಡು ಕಾರಣ. ಪಾರ್ಕಿಗೆ ಎರಡೇ ದಿನ ಹೋದೆವು, ಮಧ್ಯೆ ಒಂದು ದಿನ ಪೂರ್ತಿ ಬಿಡುವು. ಆ ಬಿಡುವಿನ ದಿನ ಈಜುಕೊಳ, ನಿದ್ದೆ, ಬಟ್ಟೆ ಒಗೆಯೋದು ಅಷ್ಟೇ. ಹೀಗೆ ಬಿಟ್ಟು ಬಿಟ್ಟು ಹೋಗೋಕೆ ಟಿಕೆಟ್ ಅವಕಾಶ ಕೊಡಬೇಕು. ಫ್ಲೋರಿಡಾದ ಡಿಸ್ನಿಯಲ್ಲಿ ನಾಲ್ಕು ದಿನದ ಟಿಕೆಟನ್ನ ಏಳು ದಿನದೊಳಗೆ ಬಳಸಿದರೆ ಸಾಕು, ಬೇರೆ ಕಡೆಗಳಲ್ಲಿ ಸಾಲಾಗಿಯೇ ಹೋಗಬೇಕು ಅಂತ ಇರಬಹುದು, ಓದಿ ನೋಡಿ. ಎರಡನೇ ಕಾರಣ ಚಿಕ್ಕವನ ವಯಸ್ಸು. ಏಜೆಂಟ್ ಅವನಿಗೂ ಟಿಕೆಟ್ ಹಾಕಿದ್ದ! ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಮೂರು ತುಂಬದ ಮಗುವಿಗೆ ಟಿಕೆಟ್ಟೇ ಬೇಡ, 3ರಿಂದ 9ರವರೆಗೆ ಮಕ್ಕಳ ಟಿಕೆಟ್, 10 ಆದರೆ ದೊಡ್ಡವರ ಲೆಕ್ಕ. ಟೋಕಿಯೊ ಡಿಸ್ನಿಯಲ್ಲಿ ನಾಲ್ಕು ತುಂಬೋವರೆಗೂ ಉಚಿತ. ಕೆಲವು ಪಾರ್ಕುಗಳು ವಯಸ್ಸು ನೋಡೋದೇ ಇಲ್ಲ, ಎತ್ತರ ಅಳೀತಾರೆ. ನಾವು ಹೋದ ಕಡೆ ವಯಸ್ಸಿನ ನಿಯಮ ಇತ್ತು, ಆದ್ದರಿಂದ ಅವನ ಹುಟ್ಟುಹಬ್ಬಕ್ಕೆ ಮುಂಚಿನ ವಾರಗಳಲ್ಲೇ ಪ್ರವಾಸ ಇಟ್ಟೆ. ಪಾಸ್‌ಪೋರ್ಟ್ ಪ್ರತಿ ಜೇಬಲ್ಲೇ ಇತ್ತು, ಎತ್ತರದ ಹುಡುಗ, ಕೇಳಿಯೇ ಕೇಳ್ತಾರೆ ಅಂತ ಗೊತ್ತಿತ್ತು. ಕೇಳಿದರು.

ತಾರೀಖು ಆರಿಸೋದರಲ್ಲಿ ಇನ್ನೊಂದು ಉಪಾಯ ಇದೆ. ಒಂದೇ ವಾರದೊಳಗೆ ಒಂದು ದಿನ ಜನ ತೀರಾ ಕಡಿಮೆ ಇರೋದನ್ನ ನಾನು ಮೊದಲೇ ಕಂಡುಹಿಡಿಯೋ ರೀತಿ ಅದು. ಅದನ್ನ ಇಲ್ಲಿ ಬರೆಯಲ್ಲ. ಎಲ್ಲರೂ ಅವತ್ತೇ ಬಂದರೆ ಆ ದಿನವೂ ಉಳಿದ ದಿನದ ಹಾಗೇ ಆಗುತ್ತೆ ಅಲ್ವಾ. ಶಾಲೆ ರಜೆ, ವೀಕೆಂಡು ಬಿಡಬೇಕು ಅನ್ನೋದು ನಿಮಗೆಲ್ಲಾ ಗೊತ್ತೇ ಇದೆ. ದೊಡ್ಡವಳಿಗೆ ಒಂದನೇ ಕ್ಲಾಸು ಶುರುವಾಗೋಕೆ ಮುಂಚಿನ ಈ ಒಂದೆರಡು ವರ್ಷವೇ ಅದಕ್ಕೆ ಸರಿಯಾದ ಕಾಲ. ಅದಕ್ಕೇ ಅಕ್ಕನ ಮಾತು ನಾನು ಒಪ್ಪಲಿಲ್ಲ. ನೆನಪು ಮಗಳಿಗೆ ಇರದಿದ್ದರೂ ನಮಗೆ ಇರುತ್ತೆ, ಆ ವಯಸ್ಸಿನ ಮುಖ ಮತ್ತೆ ಸಿಗಲ್ಲ.

ಎತ್ತರದ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ, ಇಲ್ಲಿ ಅಳು ತುಂಬಾ ಆಗುತ್ತೆ. ಫ್ಲೋರಿಡಾದ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97 ಸೆಂಟಿಮೀಟರ್ ಬೇಕು, ಸ್ಪೇಸ್ ಮೌಂಟನ್‌ಗೆ 112. ಡಂಬೋ ಆನೆಗೆ, ಇಟ್ಸ್ ಎ ಸ್ಮಾಲ್ ವರ್ಲ್ಡ್ ದೋಣಿಗೆ ಯಾವ ಮಿತಿಯೂ ಇಲ್ಲ. ಇದೇ ರೀತಿ ಪ್ರತಿ ಪಾರ್ಕಿನ ವೆಬ್‌ಸೈಟಿನಲ್ಲೂ ರೈಡ್ ರೈಡಿಗೆ ಎತ್ತರ ಹಾಕಿರ್ತಾರೆ. ನಾನು ಮನೆಯ ಗೋಡೆ ಮೇಲೆ ಅಷ್ಟೂ ಗೆರೆ ಎಳೆದು, ದೊಡ್ಡವಳನ್ನ ಅವಳು ಹಾಕಿಕೊಳ್ಳೋ ಶೂ ಸಮೇತ ನಿಲ್ಲಿಸಿದೆ. ಎಟುಕದ ರೈಡುಗಳ ಹೆಸರನ್ನ ನಾವು ಮನೆಯಲ್ಲಿ ಎತ್ತಲೇ ಇಲ್ಲ. ಎಟುಕೋ ರೈಡುಗಳ ವಿಡಿಯೋ ತೋರಿಸಿದೆ, ಅದರಲ್ಲೂ ಒಂದು ಸೋಸುವಿಕೆ ಆಯಿತು. ಕತ್ತಲೆ ಬಂದರೆ ಅವಳು ಮುಖ ತಿರುಗಿಸ್ತಿದ್ದಳು. ಅಂಥವನ್ನೂ ತೆಗೆದುಹಾಕಿದೆ. ಹೀಗೆ ತೆಗೀತಾ ಹೋದಾಗ ನಮಗೆ ಬೇಕಾಗಿದ್ದು ಹತ್ತು ಹನ್ನೆರಡು ರೈಡು ಅಷ್ಟೇ ಅಂತ ಗೊತ್ತಾಯಿತು, ಅದಕ್ಕೆ ಎರಡು ದಿನ ಧಾರಾಳ. ಕ್ಯೂ ತಪ್ಪಿಸೋ ದುಬಾರಿ ಪಾಸೂ ಬೇಡವಾಯಿತು, ಯಾಕಂದರೆ ಆ ಪಾಸಿನಿಂದ ಉಪಯೋಗ ಆಗೋದು ಮುಖ್ಯವಾಗಿ ದೊಡ್ಡ ರೈಡುಗಳಿಗೆ.

ಇದರ ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಹೋಗೋಕೆ ಒಂದು ತಿಂಗಳಿರುವಾಗ ಸಂಜೆ ಹೊತ್ತು ಮಕ್ಕಳನ್ನ ನಡೆಸೋಕೆ ಶುರು ಮಾಡಿದೆ, ಫೋನಿನಲ್ಲಿ ಹೆಜ್ಜೆ ಎಣಿಸಿಕೊಂಡು. ದೊಡ್ಡವಳು ಮೊದಲು ಮೂರು ಸಾವಿರ ಹೆಜ್ಜೆಗೆ ಎತ್ತಿಕೋ ಅಂತಿದ್ದಳು, ಕೊನೆಗೆ ಆರು ಸಾವಿರದ ಹತ್ತಿರ ಬಂದಳು. ಜೊತೆಗೆ ಕ್ಯೂನಲ್ಲಿ ನಿಲ್ಲೋ ಆಟ. ಇಪ್ಪತ್ತು ನಿಮಿಷ ನಿಂತು ಏನೇನು ಆಡಬಹುದು ಅಂತ ಅವಳೇ ಪಟ್ಟಿ ಮಾಡಿದಳು. ನನ್ನ ಗಂಡ ಇದನ್ನ ಅತಿ ಅಂದರು. ಆಮೇಲೆ ಪಾರ್ಕಿನಲ್ಲಿ ಅರ್ಧ ಗಂಟೆಯ ಕ್ಯೂನಲ್ಲಿ ಬೇರೆ ಮಕ್ಕಳು ರಂಪ ಮಾಡ್ತಿದ್ದಾಗ ನಮ್ಮವಳು ಬೆರಳಾಟ ಆಡ್ಕೊಂಡು ನಿಂತಿದ್ದಳು. ಅವರೇ ನೋಡಿದರು, ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ದಿನ ನಡೆದಿದ್ದು ಹೀಗೆ. ಗೇಟು ತೆರೆಯೋಕೆ ಒಂದು ನಲವತ್ತು ನಿಮಿಷ ಮುಂಚೆ ಅಲ್ಲಿದ್ದೆವು. ಹತ್ತಿರದ ರೂಮಿನ ಇನ್ನೊಂದು ಲಾಭ ಇದು, ಮಕ್ಕಳನ್ನ ಕತ್ತಲಲ್ಲಿ ಎಬ್ಬಿಸಬೇಕಾಗಿಲ್ಲ. ಮೊದಲ ಒಂದೂವರೆ ಗಂಟೆಯಲ್ಲಿ ನಾಲ್ಕೈದು ರೈಡು ಮುಗಿಯಿತು. ಅದೇ ರೈಡುಗಳಿಗೆ ಹನ್ನೊಂದರ ಹೊತ್ತಿಗೆ ಐವತ್ತು ನಿಮಿಷ, ಅರವತ್ತು ನಿಮಿಷ ಅಂತ ಬೋರ್ಡು ಬಿದ್ದಿತ್ತು. ನಾವು ಹೊರಗೆ ಹೋಗೋ ಹೊತ್ತಿಗೆ ಪ್ಯಾಕೇಜಿನ ಬಸ್ಸುಗಳು ಬಂದು ನಿಲ್ತಿದ್ದವು.

ದೊಡ್ಡ ರೈಡು ನಮಗೂ ಬೇಕು ಅನಿಸಿದಾಗ ರೈಡರ್ ಸ್ವಿಚ್ ಕೇಳಿದೆವು. ಕೆಲವು ಪಾರ್ಕುಗಳಲ್ಲಿ ಇದಕ್ಕೆ ಚೈಲ್ಡ್ ಸ್ವಾಪ್ ಅಂತಾರೆ. ಒಬ್ಬರು ರೈಡಿಗೆ ಹೋದಾಗ ಇನ್ನೊಬ್ಬರು ಮಗು ನೋಡ್ಕೋತಾರೆ, ಆಮೇಲೆ ಎರಡನೆಯವರು ಮತ್ತೆ ಪೂರ್ತಿ ಕ್ಯೂ ನಿಲ್ಲಬೇಕಾಗಿಲ್ಲ. ಇದಕ್ಕೆ ದುಡ್ಡಿಲ್ಲ. ಬಾಗಿಲಲ್ಲಿ ನಿಂತಿರೋ ಸಿಬ್ಬಂದಿಯನ್ನ ಕ್ಯೂ ಸೇರೋಕೆ ಮುಂಚೆಯೇ ಕೇಳಬೇಕು, ಅವರಾಗಿ ಹೇಳಲ್ಲ.

ಊಟದಲ್ಲಿ ಉಳಿದಿದ್ದು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಮಧ್ಯಾಹ್ನ ರೂಮಿಗೆ ಬರೋದರಿಂದ ದಿನದ ದೊಡ್ಡ ಊಟ ರೂಮಲ್ಲೇ ಆಯಿತು. ಸಣ್ಣ ಫ್ರಿಜ್ಜು, ನೀರು ಕಾಯಿಸೋ ಕೆಟಲ್ ಇರೋ ರೂಮನ್ನೇ ಹುಡುಕಿದ್ದೆ, ಬಿಟ್ಟಿ ತಿಂಡಿ ಇರೋ ಹೋಟೆಲು. ಪಾರ್ಕಿನ ಒಳಗೆ ಹಣ್ಣು, ಬಿಸ್ಕತ್ತು ಒಯ್ದೆವು. ಇದಕ್ಕೂ ನಿಯಮ ಬೇರೆ ಬೇರೆ. ಅಮೆರಿಕದ ಡಿಸ್ನಿಯಲ್ಲಿ ಮನೆ ತಿಂಡಿ ಬಿಡ್ತಾರೆ, ಗಾಜಿನ ಬಾಟಲಿ ಮಾತ್ರ ಬೇಡ. ಕೌಂಟರಿನಲ್ಲಿ ಕೇಳಿದರೆ ಕುಡಿಯೋ ತಣ್ಣೀರು ಪುಕ್ಕಟೆ ಕೊಡ್ತಾರೆ. ಟೋಕಿಯೊದಲ್ಲಿ ಬುತ್ತಿ ಒಳಗೆ ಬಿಡಲ್ಲ, ಗೇಟಿನ ಹೊರಗೆ ಕೂತು ತಿನ್ನೋಕೆ ಜಾಗ ಇಟ್ಟಿದ್ದಾರೆ. ಚಿಕ್ಕ ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ಎಲ್ಲೂ ತಕರಾರು ಇರಲ್ಲ.

ಬೊಂಬೆ ಅಂಗಡಿ ಇನ್ನೊಂದು ಗುಂಡಿ, ಮಕ್ಕಳ ರೈಡು ಮುಗಿದರೆ ಬಾಗಿಲು ತೆರೆಯೋದೇ ಅಂಗಡಿ ಒಳಗೆ. ದೊಡ್ಡವಳಿಗೆ ಒಂದು ಪುಟ್ಟ ಪರ್ಸಿನಲ್ಲಿ ಅವಳದೇ ದುಡ್ಡು ಕೊಟ್ಟೆ, ಎರಡು ದಿನಕ್ಕೂ ಸೇರಿ. ಖಾಲಿ ಆದರೆ ಮತ್ತೆ ಇಲ್ಲ. ಮೊದಲ ದಿನ ಅವಳು ಒಂದು ರೂಪಾಯಿಯನ್ನೂ ಬಿಚ್ಚಲಿಲ್ಲ. ಎರಡನೇ ದಿನ ಸಂಜೆ ಅಂಗಡಿಯೆಲ್ಲಾ ಸುತ್ತಿ ಒಂದು ಸಣ್ಣ ಗೊಂಬೆ ತಗೊಂಡಳು. ಚಿಕ್ಕವನಿಗೆ ಮನೆಯಿಂದಲೇ ಒಂದು ಬೊಂಬೆ ಬಚ್ಚಿಟ್ಟು ಒಯ್ದಿದ್ದೆ, ಅಲ್ಲಿ ತೆಗೆದುಕೊಟ್ಟೆ, ಅವನ ಪಾಲಿಗೆ ಅದು ಪಾರ್ಕಿನದೇ.

ತಳ್ಳುಗಾಡಿ ಮನೆಯಿಂದ ಒಯ್ಯಿರಿ. ಅಲ್ಲಿ ಬಾಡಿಗೆಗೆ ಸಿಗುತ್ತೆ, ಆದರೆ ಎರಡು ದಿನದ ಬಾಡಿಗೆಯಲ್ಲಿ ಒಂದು ಸಾದಾ ಹಗುರ ಗಾಡಿಯೇ ಬಂದುಬಿಡುತ್ತೆ, ನಾನು ಲೆಕ್ಕ ಹಾಕಿದಾಗ ಹೆಚ್ಚುಕಡಿಮೆ ಸರಿಸಮ ಬಂತು. ಅಲ್ಲದೆ ಬಾಡಿಗೆ ಗಾಡಿಯನ್ನ ಸಾಮಾನ್ಯವಾಗಿ ಗೇಟಿನಲ್ಲೇ ಬಿಡಬೇಕು, ಮಲಗಿದ ಮಗುವನ್ನ ರೂಮಿನವರೆಗೆ ಯಾರು ಎತ್ತಿಕೊಂಡು ಹೋಗೋದು? ಅಳತೆ ಮಾತ್ರ ನೋಡಿಕೊಳ್ಳಿ. ಅಮೆರಿಕದ ಡಿಸ್ನಿಯಲ್ಲಿ 2019ರಿಂದ 79 ಸೆಂಟಿಮೀಟರ್ ಅಗಲ, 132 ಸೆಂಟಿಮೀಟರ್ ಉದ್ದಕ್ಕಿಂತ ದೊಡ್ಡ ಗಾಡಿ ಬಿಡಲ್ಲ, ಎಳೆದುಕೊಂಡು ಹೋಗೋ ವ್ಯಾಗನ್ ಬಿಡೋದೇ ಇಲ್ಲ. ಪಟಾಕಿ ಸದ್ದಿಗೆ ಕಿವಿ ಮುಚ್ಚೋ ಹೆಡ್‌ಫೋನನ್ನೂ ಮನೆಯಿಂದಲೇ ಒಯ್ಯಿರಿ, ನಮ್ಮ ಚಿಕ್ಕವನಿಗೆ ಅದಿಲ್ಲದಿದ್ದರೆ ಸಂಜೆಯ ಕಾರ್ಯಕ್ರಮ ಆಗ್ತಿರಲಿಲ್ಲ.

ಅತ್ತೆ ಮಾವ ಜೊತೆಗೆ ಬರೋದಾದರೆ ನಾನು ಬೇರೆ ಥರ ಪಾರ್ಕು ಹುಡುಕ್ತೀನಿ. ಪ್ರವೇಶ ಬೇರೆ, ರೈಡು ಬೇರೆ ಅನ್ನೋ ಪಾರ್ಕುಗಳಿವೆ. ಕೋಪನ್‌ಹೇಗನ್‌ನ ಟಿವೋಲಿ 1843ರಿಂದ ಇದೆ, ಅಲ್ಲಿ ಬರೀ ಒಳಗೆ ಹೋಗೋ ಟಿಕೆಟನ್ನೂ ಕೊಡ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಕ್ನೋಬೆಲ್ಸ್ (Knoebels) ಪಾರ್ಕಿನಲ್ಲಿ ಒಳಗೆ ಹೋಗೋಕೂ ಪಾರ್ಕಿಂಗಿಗೂ ದುಡ್ಡೇ ಇಲ್ಲ, ಹತ್ತಿದ ರೈಡಿಗೆ ಮಾತ್ರ ಕೊಟ್ಟರೆ ಸಾಕು. ರೈಡು ಹತ್ತದ ದೊಡ್ಡವರು ನೆರಳಲ್ಲಿ ಕೂತು ಮಗು ನೋಡ್ಕೊಳ್ಳೋಕೆ ಪೂರ್ತಿ ಟಿಕೆಟ್ ಯಾಕೆ ಕೊಡಬೇಕು? ಆದರೆ ಇಲ್ಲಿ ಒಂದು ಎಚ್ಚರ. ಒಂದೇ ರೈಡನ್ನ ಎಂಟು ಸಲ ಹತ್ತೋ ಮಗು ನಿಮ್ಮದಾದರೆ ರೈಡಿಗೊಂದು ಟಿಕೆಟ್ ತಗೊಳ್ಳೋ ಲೆಕ್ಕ ಬೇಗ ಮೀರುತ್ತೆ, ಆಗ ಎಷ್ಟು ಸಲ ಬೇಕಾದರೂ ಹತ್ತೋಕೆ ಬಿಡೋ ಕೈಪಟ್ಟಿಯೇ ಅಗ್ಗ. ನಮ್ಮವಳು ಆ ಜಾತಿ.

ಮುಂದಿನ ಸಲಕ್ಕೆ ಚಿಕ್ಕವನಿಗೂ ಟಿಕೆಟ್ ಬರುತ್ತೆ, ಆದ್ದರಿಂದ 20 ಇದ್ದದ್ದು 26ರ ಹತ್ತಿರ ಹೋಗುತ್ತೆ. ಅದನ್ನ ಊಟದಲ್ಲಿ ಪೂರ್ತಿ ಹಿಡಿಯೋಕೆ ಆಗಲ್ಲ, ನೋಡಿದ್ದೇನೆ. ರೂಮಿನಲ್ಲಿ ಒಂದು ರಾತ್ರಿ ಕಡಿಮೆ ಮಾಡಬಹುದು, ಮಧ್ಯದ ಬಿಡುವಿನ ದಿನ ಮಾತ್ರ ತೆಗೆಯಲ್ಲ. ಕೊನೆಯ ದಿನ ಬೆಳಗ್ಗೆ ಸಾಮಾನು ಹೋಟೆಲಿನ ಕೌಂಟರಿನಲ್ಲಿ ಬಿಟ್ಟು ಪಾರ್ಕು ಮುಗಿಸಿ, ರಾತ್ರಿ ಗಾಡಿಗೆ ಹೊರಡೋದು ಅಂತ ಅಂದುಕೊಂಡಿದ್ದೇನೆ. ಅವತ್ತು ಮಧ್ಯಾಹ್ನದ ನಿದ್ದೆಗೆ ಹಾಸಿಗೆ ಇರಲ್ಲ, ಪಾರ್ಕಿನ ಒಳಗೇ ತಂಪಾದ, ಸದ್ದಿಲ್ಲದ ಜಾಗ ಒಂದು ಬೇಕು. ಅಂಥದ್ದೊಂದು ನನಗೆ ಸಿಕ್ಕಿದೆ, ಎಲ್ಲಿ ಅಂತ ಮಾತ್ರ ಕೇಳಬೇಡಿ.