ಒಂದೇ ಹೆಸರಿನ ಲೇಖಕರು: ಲೈಬ್ರರಿ ಕ್ಯಾಟಲಾಗ್‌ನಲ್ಲಿ ಯಾರು ಯಾರು ಅಂತ ಗುರುತು ಹಿಡಿಯೋದು ಹೇಗೆ?

ಯಾವುದಾದ್ರೂ ದೊಡ್ಡ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್ ತೆಗೆದು ವಿನ್‌ಸ್ಟನ್ ಚರ್ಚಿಲ್ ಅಂತ ಹುಡುಕಿ ನೋಡಿ, ಮೂರು ಜನರ ಪುಸ್ತಕ ಒಟ್ಟಿಗೆ ಕಲಸಿಕೊಂಡು ಬರುತ್ತೆ. ಒಬ್ಬರು ಎಲ್ಲರಿಗೂ ಗೊತ್ತಿರೋ ಬ್ರಿಟನ್ ಪ್ರಧಾನಿ, 1874ರಿಂದ 1965. ಇನ್ನೊಬ್ಬರು ಅಮೆರಿಕದ ಕಾದಂಬರಿಕಾರ, 1871ರಿಂದ 1947. ಮೂರನೆಯವರು ಪ್ರಧಾನಿಯ ಮೊಮ್ಮಗ, 1940ರಿಂದ 2010, ಅವರೂ ಸಂಸದರಾಗಿದ್ದವರು, ಅವರೂ ಪುಸ್ತಕ ಬರೆದವರು.

ಇಂಥ ಕಡೆ ಎಲ್ಲರೂ ಮೊದಲು ಮಾಡೋದು ಊಹೆ. ಕಾದಂಬರಿ ಇದ್ರೆ ಅಮೆರಿಕದವರದ್ದು, ರಾಜಕೀಯ ಇದ್ರೆ ಬ್ರಿಟನ್ನಿನವರದ್ದು ಅಂತ. ಆದ್ರೆ ಪ್ರಧಾನಿಯೂ ಸವ್ರೋಲಾ ಅಂತ ಒಂದು ಕಾದಂಬರಿ ಬರೆದಿದ್ದಾರೆ, ಆ ಕಡೆ ಕಾದಂಬರಿಕಾರ ನ್ಯೂ ಹ್ಯಾಂಪ್‌ಶೈರ್ ಶಾಸನಸಭೆಯ ಸದಸ್ಯರಾಗಿದ್ರು, 1912ರಲ್ಲಿ ಗವರ್ನರ್ ಚುನಾವಣೆಗೂ ನಿಂತು ಸೋತರು. ಪುಸ್ತಕದ ಹೆಸರು ನೋಡಿ ಹೇಳೋಣ ಅಂದ್ರೆ 1901ರ ದಿ ಕ್ರೈಸಿಸ್ ಅಮೆರಿಕದವರ ಕಾದಂಬರಿ, 1923ರಿಂದ ಸಂಪುಟ ಸಂಪುಟವಾಗಿ ಬಂದ ದಿ ವರ್ಲ್ಡ್ ಕ್ರೈಸಿಸ್ ಪ್ರಧಾನಿ ಬರೆದ ಮೊದಲ ಮಹಾಯುದ್ಧದ ಇತಿಹಾಸ. ಹಾಗಾಗಿ ಊಹೆ ಪಕ್ಕಕ್ಕಿಟ್ಟು ಕ್ರಮವಾಗಿ ಹೋಗೋದೇ ಒಳ್ಳೇದು.

ಮೊದಲನೇದಾಗಿ, ಹೆಸರನ್ನ ಕೀವರ್ಡ್ ಬಾಕ್ಸ್‌ಗೆ ಹಾಕಬೇಡಿ. ಕೀವರ್ಡ್ ಅಂದ್ರೆ ಆ ಪದ ಎಲ್ಲಿದ್ರೂ ಹಿಡಿದುಕೊಂಡು ಬರುತ್ತೆ, ಅವರು ಬರೆದ ಪುಸ್ತಕ, ಅವರ ಬಗ್ಗೆ ಬೇರೆಯವರು ಬರೆದ ಪುಸ್ತಕ, ಮುನ್ನುಡಿ ಬರೆದಿದ್ದು, ಎಲ್ಲಾ ಸೇರಿ. ಅದರ ಬದಲು ಲೇಖಕರ ಬ್ರೌಸ್ ಅಥವಾ ಲೇಖಕರ ಸೂಚಿ ಅನ್ನೋ ಆಯ್ಕೆ ಹುಡುಕಿ, ಅಡ್ವಾನ್ಸ್ಡ್ ಸರ್ಚ್ ಒಳಗೆ ಅಡಗಿರುತ್ತೆ ಸಾಮಾನ್ಯವಾಗಿ. ಅಲ್ಲಿ ಸರ್‌ನೇಮ್ ಮೊದಲು, ಕಾಮಾ, ಆಮೇಲೆ ಹೆಸರು ಹಾಕಿ. ಆಗ ಬರೋದು ಪುಸ್ತಕಗಳ ಪಟ್ಟಿ ಅಲ್ಲ, ವ್ಯಕ್ತಿಗಳ ಪಟ್ಟಿ: ಚರ್ಚಿಲ್, ವಿನ್‌ಸ್ಟನ್, 1871-1947, ಅದರ ಕೆಳಗೆ 1874-1965, ಅದರ ಕೆಳಗೆ 1940-2010.

ಈ ಸಾಲಿಗೆ ಕ್ಯಾಟಲಾಗ್ ಮಾಡೋರು ಹೆಡಿಂಗ್ ಅಂತಾರೆ, ಅದರ ಹಿಂದೆ ಇರೋ ಫೈಲಿಗೆ ಅಥಾರಿಟಿ ರೆಕಾರ್ಡ್ ಅಂತಾರೆ. ಒಬ್ಬ ವ್ಯಕ್ತಿಗೆ ಒಂದೇ ರೂಪ, ಆ ರೂಪ ಇನ್ನೊಬ್ಬರಿಗೆ ಇರಬಾರದು, ಇಷ್ಟೇ ಅದರ ನಿಯಮ. ಹೆಸರು ಒಂದೇ ಆದಾಗ ಹುಟ್ಟಿದ ವರ್ಷ ಸೇರಿಸ್ತಾರೆ, ಅದು ಸಿಗದಿದ್ರೆ ಇನಿಷಿಯಲ್‌ಗಳ ಪೂರ್ತಿ ರೂಪ, ಇಲ್ಲಾ ವೃತ್ತಿ, ಇಲ್ಲಾ ಯಾವ ಕಾಲದಲ್ಲಿ ಬರೀತಿದ್ರು ಅನ್ನೋದು. ನೀವು ಹುಡುಕಬೇಕಾಗಿರೋದು ಈ ಸಾಲನ್ನ, ಬರೀ ಹೆಸರನ್ನ ಅಲ್ಲ. ಇದೊಂದು ತಲೆಗೆ ಹೋದ್ರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತೆ.

ಬ್ರೌಸ್ ಸೌಲಭ್ಯ ಇಲ್ಲ ಅಂದ್ರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಇವರದ್ದೇ ಅಂತ ಅನುಮಾನವೇ ಇಲ್ಲದ ಒಂದು ಪುಸ್ತಕದ ರೆಕಾರ್ಡ್ ತೆರೀರಿ, ಅದರೊಳಗೆ ಲಿಂಕ್ ಆಗಿರೋ ಲೇಖಕರ ಹೆಸರನ್ನ ಕ್ಲಿಕ್ ಮಾಡಿ. ಆ ಲಿಂಕ್ ಸರಿಯಾಗಿ ಕಟ್ಟಿದ್ರೆ ಅದೇ ಹೆಡಿಂಗ್ ಇರೋ ಪುಸ್ತಕಗಳು ಮಾತ್ರ ಬರುತ್ತೆ. ಕೆಲವು ಕ್ಯಾಟಲಾಗ್‌ಗಳಲ್ಲಿ ಮಾತ್ರ ಲಿಂಕ್ ಒತ್ತಿದ್ರೂ ಮತ್ತೆ ಬರೀ ಹೆಸರಿನ ಸರ್ಚೇ ಓಡುತ್ತೆ, ಸರ್ಚ್ ಬಾಕ್ಸ್‌ನಲ್ಲಿ ಇಸವಿ ಕೂಡ ಬಂದಿದೆಯಾ ಅಂತ ಒಮ್ಮೆ ನೋಡಿಕೊಂಡ್ರೆ ಗೊತ್ತಾಗುತ್ತೆ.

ಇಸವಿಗಳನ್ನ ಓದೋದಕ್ಕೂ ಒಂದು ರೀತಿ ಇದೆ. ಹುಟ್ಟಿದ ವರ್ಷ ಒಬ್ಬರನ್ನ ಖಚಿತವಾಗಿ ಹೊರಗೆ ಹಾಕುತ್ತೆ, ಸತ್ತ ವರ್ಷ ಹಾಕಲ್ಲ. ಸ್ಯಾಮ್ಯುಯಲ್ ಬಟ್ಲರ್ ಅಂತ ಇಬ್ಬರು ಇಂಗ್ಲಿಷ್ ಲೇಖಕರಿದ್ದಾರೆ, ಒಬ್ಬ ಕವಿ 1680ರಲ್ಲಿ ತೀರಿಕೊಂಡವರು, ಇನ್ನೊಬ್ಬರು 1835ರಲ್ಲಿ ಹುಟ್ಟಿ 1902ರಲ್ಲಿ ತೀರಿಕೊಂಡ ಕಾದಂಬರಿಕಾರ. 1700ರಲ್ಲಿ ಅಚ್ಚಾದ ಪುಸ್ತಕ ಎರಡನೆಯವರದ್ದಾಗೋಕೆ ಸಾಧ್ಯವೇ ಇಲ್ಲ, ಆದ್ರೆ 1890ರಲ್ಲಿ ಅಚ್ಚಾದ ಪುಸ್ತಕ ಮೊದಲನೆಯವರ ಮರುಮುದ್ರಣ ಆಗಿರಬಹುದು. ಅದಕ್ಕೇ ಕೈಯಲ್ಲಿರೋ ಪ್ರತಿಯ ಇಸವಿ ಅಲ್ಲ, ಮೊದಲ ಮುದ್ರಣದ ಇಸವಿ ಹುಡುಕಬೇಕು. ಇದೇ ಕವಿಯ ಹುಟ್ಟಿದ ವರ್ಷ ಒಂದು ಕಡೆ 1612 ಅಂತಲೂ ಇನ್ನೊಂದು ಕಡೆ 1613 ಅಂತಲೂ ಇರುತ್ತೆ, ಹಳೇ ಕ್ಯಾಲೆಂಡರ್‌ನಲ್ಲಿ ಹೊಸ ವರ್ಷ ಮಾರ್ಚ್‌ನಲ್ಲಿ ಶುರುವಾಗ್ತಿದ್ದ ಕಾರಣ. ಒಂದು ವರ್ಷದ ವ್ಯತ್ಯಾಸ ಕಂಡ ಕೂಡಲೇ ಇಬ್ಬರು ಅಂದುಕೊಳ್ಳಬೇಡಿ. 1940- ಅಂತ ಹೈಫನ್ ಆದಮೇಲೆ ಖಾಲಿ ಬಿಟ್ಟಿದ್ರೆ ಅವರು ಬದುಕಿದ್ದಾರೆ ಅಂತಲೂ ತಿಳಿಯಬೇಕಿಲ್ಲ, ರೆಕಾರ್ಡ್ ಮಾಡಿದಾಗ ಬದುಕಿದ್ರು, ಆಮೇಲೆ ಯಾರೂ ತಿದ್ದಿಲ್ಲ ಅಂತ ಅಷ್ಟೇ ಇರಬಹುದು.

ಇನಿಷಿಯಲ್ ನಂಬೋ ಹಾಗಿದೆಯಾ? ಸ್ವಲ್ಪ ಮಟ್ಟಿಗೆ. 1899ರಲ್ಲಿ ಬ್ರಿಟನ್ನಿನ ಚರ್ಚಿಲ್ ಅಮೆರಿಕದ ಚರ್ಚಿಲ್‌ಗೆ ಪತ್ರ ಬರೆದು, ಓದುಗರಿಗೆ ಗೊಂದಲ ಆಗದ ಹಾಗೆ ನಾನು ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಅಂತ ಹಾಕಿಕೊಳ್ತೀನಿ ಅಂದ್ರು, ಆಮೇಲೆ ಅದು ವಿನ್‌ಸ್ಟನ್ ಎಸ್. ಚರ್ಚಿಲ್ ಆಯ್ತು. ಹಾಗಾಗಿ ಮುಖಪುಟದಲ್ಲಿ ಎಸ್ ಇದ್ರೆ ಅಮೆರಿಕದವರಲ್ಲ ಅನ್ನಬಹುದು. ಆದ್ರೆ ಮೊಮ್ಮಗನೂ ಎಸ್ ಹಾಕಿಕೊಂಡೇ ಬರೆದ್ರು. 1967ರ ಆರು ದಿನಗಳ ಯುದ್ಧದ ಬಗ್ಗೆ ಅದೇ ವರ್ಷ ಬಂದ ಪುಸ್ತಕದ ಮೇಲೆ ರ‍್ಯಾಂಡಾಲ್ಫ್ ಎಸ್. ಚರ್ಚಿಲ್, ವಿನ್‌ಸ್ಟನ್ ಎಸ್. ಚರ್ಚಿಲ್ ಅಂತ ಎರಡು ಹೆಸರಿದೆ. ಆ ಯುದ್ಧ ನಡೆದಾಗ ಪ್ರಧಾನಿ ತೀರಿಕೊಂಡು ಎರಡು ವರ್ಷ ಆಗಿತ್ತು, ಅಂದ್ರೆ ಇದು ಮೊಮ್ಮಗ ತನ್ನ ಅಪ್ಪನ ಜೊತೆ ಸೇರಿ ಬರೆದಿದ್ದು. ವಿಷಯ, ಇಸವಿ, ಸಹಲೇಖಕರು, ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟಾಗ ಉತ್ತರ ಸಿಗುತ್ತೆ, ಒಂದನ್ನೇ ಹಿಡಿದುಕೊಂಡ್ರೆ ಸಿಗಲ್ಲ.

ಇಸವಿಯೇ ಇಲ್ಲದ ಹೆಡಿಂಗ್ ಕಂಡ್ರೆ ಜಾಸ್ತಿ ಹುಷಾರಾಗಿರಿ. ಅದು ನಾಲ್ಕನೇ ಚರ್ಚಿಲ್ ಅಂತಲ್ಲ. ವಿವರ ಸಿಗದ ಕಾಲದಲ್ಲಿ ಒಂದೇ ಹೆಸರಿನ ಹಲವರನ್ನ ಒಂದೇ ರೆಕಾರ್ಡಿನೊಳಗೆ ಇಡೋ ಪದ್ಧತಿ ತುಂಬಾ ವರ್ಷ ನಡೀತಿತ್ತು, ಅಂಥವು ಇನ್ನೂ ಇವೆ. ಹಲವು ಲೈಬ್ರರಿಗಳ ಪಟ್ಟಿ ಸೇರಿಸಿ ಮಾಡಿರೋ ಜಂಟಿ ಕ್ಯಾಟಲಾಗ್‌ಗಳಲ್ಲಂತೂ ಒಬ್ಬರೇ ವ್ಯಕ್ತಿ ಇಸವಿ ಸಹಿತ ಒಂದು ಸಲ, ಇಸವಿ ಇಲ್ಲದೆ ಒಂದು ಸಲ, ಇನಿಷಿಯಲ್ ಜೊತೆ ಇನ್ನೊಂದು ಸಲ ಬರ್ತಾರೆ. ಇಸವಿ ಇರೋ ಹೆಡಿಂಗ್ ನೋಡಿ ಮುಗೀತು ಅಂತ ಎದ್ದುಬಿಟ್ರೆ ಅವರ ಪುಸ್ತಕಗಳಲ್ಲಿ ಕೆಲವು ತಪ್ಪಿಹೋಗುತ್ತೆ.

ಇಷ್ಟಾದ್ರೂ ಬಗೆಹರಿಯದಿದ್ರೆ ಕ್ಯಾಟಲಾಗ್‌ನಿಂದ ಹೊರಗೆ ಬನ್ನಿ. ವಿಐಎಎಫ್ ಅಂತ ಒಂದು ಉಚಿತ ಸೈಟ್ ಇದೆ, ಬೇರೆ ಬೇರೆ ದೇಶಗಳ ರಾಷ್ಟ್ರೀಯ ಲೈಬ್ರರಿಗಳ ಅಥಾರಿಟಿ ರೆಕಾರ್ಡ್‌ಗಳನ್ನ ಒಂದಕ್ಕೊಂದು ಜೋಡಿಸಿ ತೋರಿಸುತ್ತೆ, ಆ ಲೇಖಕರ ಕೃತಿಗಳ ಹೆಸರೂ ಅಲ್ಲೇ ಸಿಗುತ್ತೆ. ಜೋಡಿಸೋ ಕೆಲಸ ಕಂಪ್ಯೂಟರ್ ಮಾಡೋದರಿಂದ ಅಲ್ಲೂ ಕೆಲವೊಮ್ಮೆ ಇಬ್ಬರು ಒಂದಾಗಿರ್ತಾರೆ, ಅದನ್ನೇ ಕೊನೇ ಮಾತು ಅಂದುಕೊಳ್ಳಬೇಡಿ. ಐಎಸ್‌ಎನ್‌ಐ ಅನ್ನೋದು ಬರೆಯೋರು, ಹಾಡೋರು ಇಂಥವರಿಗೆಲ್ಲ ಕೊಡೋ 16 ಅಂಕಿಯ ಗುರುತು. ಸಂಶೋಧನಾ ಲೇಖನ ಹುಡುಕ್ತಿದ್ರೆ ಸಂಶೋಧಕರಿಗೆ ಅಂತಲೇ ಇರೋ ಆರ್ಕಿಡ್ (ORCID) ಅನ್ನೋ ಗುರುತಿನ ಸಂಖ್ಯೆ ನೋಡಿ, 2012ರಲ್ಲಿ ಶುರುವಾಗಿದ್ದು, ಇದೂ 16 ಅಂಕಿಯೇ, ಆದ್ರೆ ಇದನ್ನ ಸಂಶೋಧಕರೇ ನೋಂದಾಯಿಸಿಕೊಳ್ಳಬೇಕು, ಹಾಗಾಗಿ ಹಳೇ ಕಾಲದವರು ಸಿಗಲ್ಲ. ಚೀನೀ ಲಿಪಿಯಲ್ಲಿ ಬೇರೆ ಬೇರೆಯಾಗಿ ಬರೆಯೋ ಎಷ್ಟೋ ಹೆಸರುಗಳು ರೋಮನ್ ಅಕ್ಷರಕ್ಕೆ ಬಂದಾಗ ಒಂದೇ ಆಗಿಬಿಡುತ್ತೆ, ಮೇಲಿಂದ ಜರ್ನಲ್‌ಗಳು ಮೊದಲಕ್ಷರ ಮಾತ್ರ ಹಾಕುತ್ತೆ, ಅಂಥ ಕಡೆ ನಂಬರ್ ಇಲ್ಲದೆ ಗುರುತು ಹಿಡಿಯೋದು ಬಹಳ ಕಷ್ಟ.

ಕೊನೇ ಸಾಕ್ಷಿ ಪುಸ್ತಕವೇ. ಟೈಟಲ್ ಪೇಜ್, ಅದರ ಹಿಂಬದಿ, ಮುನ್ನುಡಿಯ ಕೆಳಗಿನ ಊರು ಮತ್ತು ತಾರೀಕು, ಇದೇ ಲೇಖಕರ ಇತರ ಕೃತಿಗಳು ಅನ್ನೋ ಪುಟ. ಈ ಕೊನೇ ಪುಟ ಒಂದೇ ಎಷ್ಟೋ ಸಲ ವಿಷಯ ಇತ್ಯರ್ಥ ಮಾಡಿಬಿಡುತ್ತೆ. ಸ್ಕ್ಯಾನ್ ಪ್ರತಿ ಇದ್ರೆ ಅದರಲ್ಲೂ ನೋಡಬಹುದು.

ಪುಸ್ತಕ ತಪ್ಪು ಹೆಡಿಂಗ್ ಕೆಳಗೆ ಕೂತಿದೆ ಅಂತ ಖಚಿತವಾದ್ರೆ ಸುಮ್ಮನೆ ಬಿಡಬೇಡಿ, ನಿಮ್ಮ ನಂತರ ಹುಡುಕೋರೂ ಅದನ್ನೇ ನಂಬ್ತಾರೆ. ಕ್ಯಾಟಲಾಗ್ ಪುಟದಲ್ಲಿ ತಪ್ಪು ತಿಳಿಸೋ ಲಿಂಕ್ ಇದ್ರೆ ಅಲ್ಲಿ, ಇಲ್ಲದಿದ್ರೆ ಲೈಬ್ರರಿಯ ಮೇಲ್‌ಗೆ ಬರೀರಿ: ರೆಕಾರ್ಡ್‌ನ ಲಿಂಕ್, ಈಗಿರೋ ಹೆಡಿಂಗ್, ಇರಬೇಕಾದ ಹೆಡಿಂಗ್, ಜೊತೆಗೆ ಟೈಟಲ್ ಪೇಜಿನ ಒಂದು ಫೋಟೋ.