ಗಂಟೆ ಲೆಕ್ಕ ಬಿಟ್ಟು ಕೆಲಸದ ಲೆಕ್ಕಕ್ಕೆ ಬಂದೆ

ತೀರ್ಥಹಳ್ಳಿ ಹತ್ತಿರ ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡುತ್ತೇನೆ. ಹೋಂಸ್ಟೇಗಳ ವೆಬ್‌ಸೈಟ್, ಜೇನುತುಪ್ಪದ ಬಾಟಲಿಗೆ ಲೇಬಲ್, ಶಿವಮೊಗ್ಗದ ಅಂಗಡಿಗಳಿಗೆ ಲೋಗೊ. ಶುರುವಿನಲ್ಲಿ ಗಂಟೆಗೆ 200 ರೂಪಾಯಿ ಅಂದುಬಿಟ್ಟಿದ್ದೆ. ಕೇಳಿದವರು ಬೇಡ ಅನ್ನದಿರಲಿ ಅಂತ ಹೇಳಿದ ದರ ಅದು.

ಮೊದಲ ಲೇಬಲ್‌ಗೆ 9 ಗಂಟೆ ಹಿಡಿಯಿತು, 1,800 ಸಿಕ್ಕಿತು. ಎರಡು ವರ್ಷದ ನಂತರ ಅಂಥದ್ದೇ ಲೇಬಲ್ 3 ಗಂಟೆಯಲ್ಲಿ ಮುಗಿಯಿತು. ಕೆಲಸ ಮೊದಲಿಗಿಂತ ಚೆನ್ನಾಗಿತ್ತು, ಕೈಗೆ ಬಂದದ್ದು 600.

ಆ ಸುಗ್ಗಿಯಲ್ಲಿ ನಮ್ಮಲ್ಲಿ ಅಡಿಕೆ ಸುಲಿತ ನಡೆದಿತ್ತು. ಸುಲಿದ ಅಡಿಕೆ ತೂಗಿ ಕೆಜಿ ಲೆಕ್ಕದಲ್ಲಿ ದುಡ್ಡು. ಮೆಟ್ಟುಗತ್ತಿ ಮುಂದೆ ಕೂತ ಅಕ್ಕನ ಕೈ ಎಷ್ಟು ಚುರುಕು ಅಂದರೆ, ಪಕ್ಕದವರ ಬುಟ್ಟಿ ಅರ್ಧ ಆಗುವಷ್ಟರಲ್ಲಿ ಇವರದ್ದು ತುಂಬುತ್ತಿತ್ತು. ಸಂಜೆ ಅವರಿಗೇ ಜಾಸ್ತಿ ದುಡ್ಡು. ನನ್ನ ಲೆಕ್ಕ ಅದಕ್ಕೆ ಪೂರ್ತಿ ಉಲ್ಟಾ ಇದೆ ಅಂತ ಅವತ್ತು ಹೊಳೆಯಿತು.

ಒಟ್ಟು ಕೆಲಸಕ್ಕೆ ಇಷ್ಟು ಅಂತ ಹೇಳತೊಡಗಿದೆ. ಅಲ್ಲೂ ಪೆಟ್ಟು ತಿಂದೆ. ಒಂದು ಹೋಂಸ್ಟೇಯವರು ಊಟದ ಪಟ್ಟಿಗೆ ಕಡುಬು ಸೇರಿಸಿ ಅಂದರು, ಆಮೇಲೆ ತೆಗೀರಿ ಅಂದರು, ಫೋಟೊ ದೊಡ್ಡದು ಮಾಡಿ ಅಂದರು. ಹೀಗೆ 14 ಸಲ. ಅವರದ್ದು ತಪ್ಪಲ್ಲ. ಎಷ್ಟು ಸಲ ಬದಲಿಸಬಹುದು ಅಂತ ನಾನು ಹೇಳಿರಲೇ ಇಲ್ಲ. ಈಗ ವಾಟ್ಸಾಪ್‌ನಲ್ಲೇ ಬರೆದು ಕಳಿಸುತ್ತೇನೆ: ಎರಡು ಸಲ ತಿದ್ದುವುದು ಸೇರಿದೆ, ಮೂರನೆಯದರಿಂದ ಪ್ರತಿ ಸಲಕ್ಕೆ 500, ಅರ್ಧ ದುಡ್ಡು ಮುಂಗಡ.

ಗಂಟೆ ಲೆಕ್ಕವನ್ನು ಪೂರ್ತಿ ಬಿಟ್ಟಿಲ್ಲ, ಅದು ನನ್ನ ನೋಟ್‌ಬುಕ್ಕಿನಲ್ಲಿದೆ. ಮನೆ ಖರ್ಚು, ಇಂಟರ್ನೆಟ್, ಸಾಫ್ಟ್‌ವೇರ್, ಕಂಪ್ಯೂಟರ್ ರಿಪೇರಿಗೆ ತೆಗೆದಿಡುವುದು ಸೇರಿ ತಿಂಗಳಿಗೆ 36,000 ಬೇಕು. ಫೋನು, ಓಡಾಟ, ಬಿಲ್ ವಸೂಲಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಸುಮ್ನೆ ಕೂತ ಹೊತ್ತು, ಇದೆಲ್ಲ ಕಳೆದರೆ ದುಡ್ಡು ಹುಟ್ಟುವ ಕೆಲಸಕ್ಕೆ ಉಳಿಯುವುದು 90 ಗಂಟೆ. ಅಂದರೆ ಗಂಟೆಗೆ 400 ಬರದಿದ್ದರೆ ನಷ್ಟ. 200 ಹೇಳುತ್ತಿದ್ದಾಗ ಈ ಲೆಕ್ಕ ಒಮ್ಮೆಯೂ ಹಾಕಿರಲಿಲ್ಲ, ಅದೇ ಬೇಜಾರು.

ಬೇರೆಯವರು ಮಾಡಿಟ್ಟ ಹಳೆ ವೆಬ್‌ಸೈಟ್ ರಿಪೇರಿಗೆ ಮಾತ್ರ ಈಗಲೂ ಗಂಟೆ ದರವನ್ನೇ ಹೇಳುತ್ತೇನೆ. ಒಳಗೆ ಏನಿದೆ ಅಂತ ಬಿಚ್ಚಿ ನೋಡುವ ತನಕ ಗೊತ್ತಾಗಲ್ಲ, ಅಲ್ವಾ?

ಮೊನ್ನೆ ಒಬ್ಬರು ಕೇಳಿದರು, “ಅಲ್ಲ ಮಾರಾಯ್ರೆ, ಒಂದು ಲೇಬಲ್‌ಗೆ 3,500ಆ?” ಏನೇನು ಸೇರಿದೆ ಅಂತ ಒಂದೊಂದಾಗಿ ಹೇಳಿದೆ. ಸಂಜೆಯೊಳಗೆ ಮುಂಗಡ ಹಾಕಿದರು.